ಮನೆಯ ಚಿಕ್ಕ ಜನರೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳುವುದೆಲ್ಲ ಒಬ್ಬರೋ ಇಬ್ಬರೋ ಎತ್ತಿಕೊಂಡು ಹೋಗಬಹುದಾದ, 1 ರಿಂದ 5 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ಒಳಗಿನ ಪೆಟ್ರೋಲ್ ಜನರೇಟರ್‌ಗಳ ಬಗ್ಗೆ. ದೊಡ್ಡ ಡೀಸೆಲ್ ಸೆಟ್‌ಗಳ ಕಥೆಯೇ ಬೇರೆ. ಕರೆಂಟ್ ಹೋದಾಗ ಮಾತ್ರ ನೆನಪಾಗುವ ಯಂತ್ರ ಇದು, ತೊಂದರೆ ಶುರುವಾಗುವುದೂ ಅಲ್ಲೇ. ಓಡಿ ಓಡಿ ಸವೆದು ಹಾಳಾದ ಮನೆ ಜನರೇಟರ್ ಸಿಗುವುದು ಅಪರೂಪ. ಮೂಲೆಯಲ್ಲಿ ಸುಮ್ನೆ ನಿಂತು ಕೆಟ್ಟವೇ ಜಾಸ್ತಿ.

ನಮ್ಮ ಮನೆಗೆ ಎಷ್ಟು ದೊಡ್ಡದು ಬೇಕು?

ಮನೆಯಲ್ಲಿರುವ ಎಲ್ಲವನ್ನೂ ಓಡಿಸಬೇಕು ಅಂತ ಹೊರಟರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಕರೆಂಟ್ ಇಲ್ಲದಾಗ ಯಾವುದಿಲ್ಲದೆ ಆಗುವುದಿಲ್ಲವೋ ಅಷ್ಟನ್ನು ಮಾತ್ರ ಬರೆದುಕೊಳ್ಳಿ. 9 ವ್ಯಾಟ್‌ನ ಐದು ಎಲ್‌ಇಡಿ ಬಲ್ಬ್ ಸೇರಿ 45 ವ್ಯಾಟ್. ಮೂರು ಸಾದಾ ಫ್ಯಾನ್ ಅಂದರೆ 225. ಟಿವಿ 100, ರೌಟರ್ 10, ಫ್ರಿಜ್ ಓಡುವಾಗ ಸುಮಾರು 150. ಒಟ್ಟು 530 ವ್ಯಾಟ್. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ?

ಆದರೆ ಮೋಟರ್ ಇರುವ ವಸ್ತುಗಳು ಶುರುವಾಗುವ ಆ ಒಂದು ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತವೆ. 150 ವ್ಯಾಟ್‌ನ ಫ್ರಿಜ್ ಕಂಪ್ರೆಸರ್ ಸ್ಟಾರ್ಟ್ ಆಗುವಾಗ 800, 900 ವ್ಯಾಟ್ ಕೇಳಿದರೆ ಆಶ್ಚರ್ಯವಿಲ್ಲ. ಹಾಗಾಗಿ ಆ ಕ್ಷಣಕ್ಕೆ ನಿಮ್ಮ 530 ವ್ಯಾಟ್ ಸುಮಾರು 1,300 ಆಗುತ್ತದೆ. ಇಂಥ ಮನೆಗೆ 2 ಕೆವಿಎ ಆರಾಮಾಗಿ ಸಾಕು.

ನೀರೆತ್ತುವ ಪಂಪ್ ಸೇರಿಸಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. 1 ಎಚ್‌ಪಿ ಅಂದರೆ 746 ವ್ಯಾಟ್ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಮೋಟರ್ ಹೊರಗೆ ಕೊಡುವ ಶಕ್ತಿ. ಲೈನಿನಿಂದ ಅದು ಎಳೆಯುವುದು 1,000 ವ್ಯಾಟ್‌ಗೂ ಜಾಸ್ತಿ, ಸ್ಟಾರ್ಟ್ ಆಗುವಾಗ ಅದರ ಮೂರು ಪಟ್ಟೋ ಇನ್ನೂ ಹೆಚ್ಚೋ. 2 ಕೆವಿಎ ಸೆಟ್‌ಗೆ ಅದನ್ನು ಹಾಕಿದರೆ ಇಂಜಿನ್ ನರಳುತ್ತದೆ, ಬಲ್ಬ್ ಮಂಕಾಗುತ್ತದೆ, ಪಂಪ್ ತಿರುಗದೆ ಗುಂಯ್ ಅಂತ ನಿಲ್ಲುತ್ತದೆ. ಹಾಗೇ ಬಿಟ್ಟರೆ ಮೋಟರ್ ವೈಂಡಿಂಗ್ ಸುಟ್ಟು ಹೋಗುತ್ತದೆ.

ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ಇವನ್ನೆಲ್ಲ ಪಟ್ಟಿಯಿಂದ ತೆಗೆದುಬಿಡಿ. ಪೆಟ್ರೋಲ್ ಸುಟ್ಟು ಕರೆಂಟ್ ಮಾಡಿ ಆ ಕರೆಂಟಿನಿಂದ ಮತ್ತೆ ಬಿಸಿ ಮಾಡುವುದು ಶುದ್ಧ ದಂಡ.

ಕೆವಿಎ ಅಂದರೆ ಕಿಲೋವ್ಯಾಟ್ ತಾನೇ?

ಅಲ್ಲ. ಸಾಮಾನ್ಯವಾಗಿ ಕೆವಿಎಯನ್ನು 0.8ರಿಂದ ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 2.5 ಕೆವಿಎ ಅಂದರೆ 2 ಕಿಲೋವ್ಯಾಟ್. ಕೆಲವು ಸೆಟ್‌ಗಳಲ್ಲಿ ಎರಡೂ ಒಂದೇ ಇರುತ್ತದೆ, ಪ್ಲೇಟ್ ನೋಡಿ. ಇನ್ನೊಂದು ವಿಷಯ, ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಬಹಳ ಸಲ ಗರಿಷ್ಠ ಸಾಮರ್ಥ್ಯ, ಅಂದರೆ ಕೆಲವೇ ಕ್ಷಣ ಕೊಡಬಲ್ಲದ್ದು. ನಿಮಗೆ ಬೇಕಾದ್ದು ಸತತವಾಗಿ ಕೊಡುವ ಸಾಮರ್ಥ್ಯ, ಅದು ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಅದರಲ್ಲೂ ಮುಕ್ಕಾಲು ಭಾಗಕ್ಕೆ ನಿಲ್ಲಿಸುವುದು ಒಳ್ಳೆಯದು.

ಎತ್ತರದ ಜಾಗದಲ್ಲಿ ಇರುವವರು ಇನ್ನೂ ಸ್ವಲ್ಪ ಕಳೆಯಬೇಕು. ಗಾಳಿ ತೆಳುವಾದಷ್ಟೂ ಇಂಜಿನ್ ಬಲ ಕುಗ್ಗುತ್ತದೆ, ಪ್ರತಿ 300 ಮೀಟರ್‌ಗೆ ಶೇಕಡ 3.5ರಷ್ಟು. 900 ಮೀಟರ್ ಎತ್ತರದಲ್ಲಿ ಶೇಕಡ 10ರಷ್ಟು ಹೋಯಿತು ಅಂತಲೇ ಲೆಕ್ಕ.

ಸಾದಾ ಜನರೇಟರ್ ಸಾಕಾ, ಇನ್ವರ್ಟರ್ ಜನರೇಟರ್ ಬೇಕಾ?

ಸಾದಾ ಸೆಟ್‌ನಲ್ಲಿ ಕರೆಂಟಿನ ಫ್ರೀಕ್ವೆನ್ಸಿ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಅಲೆಯಾಡುತ್ತದೆ ಅನ್ನುವುದು, ಇಂಜಿನ್ ತಿರುಗುವ ವೇಗದ ಮೇಲೇ ನಿಂತಿದೆ. 50 ಹರ್ಟ್ಸ್ ಬೇಕಾದರೆ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಲೇಬೇಕು, 60 ಹರ್ಟ್ಸ್ ಇರುವ ಕಡೆ 3,600. ನೀವು ಒಂದೇ ಒಂದು ಬಲ್ಬ್ ಹಾಕಿಕೊಂಡು ಕೂತಿದ್ದರೂ ಅದು ಅಷ್ಟೇ ಜೋರಾಗಿ ಕಿರುಚುತ್ತಿರುತ್ತದೆ.

ಇನ್ವರ್ಟರ್ ಜನರೇಟರ್ ಮೊದಲು ಬಂದ ಕರೆಂಟನ್ನು ಡಿಸಿ (ಬ್ಯಾಟರಿಯಲ್ಲಿರುವಂಥ ಕರೆಂಟ್) ಮಾಡಿ, ಆಮೇಲೆ ಎಲೆಕ್ಟ್ರಾನಿಕ್ಸ್ ಮೂಲಕ ಹೊಸದಾಗಿ ಎಸಿ (ಮನೆ ಸಾಕೆಟ್‌ನಲ್ಲಿ ಬರುವಂಥ ಕರೆಂಟ್) ಮಾಡಿಕೊಡುತ್ತದೆ. ಹಾಗಾಗಿ ಇಂಜಿನ್ ಯಾವ ವೇಗದಲ್ಲಿ ತಿರುಗಿದರೂ ಹೊರಗೆ ಬರುವ ಕರೆಂಟ್ ಒಂದೇ ಥರ ಇರುತ್ತದೆ. ಲೋಡ್ (ಸೆಟ್‌ಗೆ ಹಾಕಿರುವ ವಸ್ತುಗಳ ಭಾರ) ಕಡಿಮೆ ಇದ್ದಾಗ ಇಂಜಿನ್ ನಿಧಾನವಾಗುತ್ತದೆ, ಸದ್ದೂ ಪೆಟ್ರೋಲೂ ಉಳಿಯುತ್ತವೆ. ಬೆಲೆ ಜಾಸ್ತಿ, ಒಳಗಿನ ಬೋರ್ಡ್ ಹೋದರೆ ರಿಪೇರಿ ಖರ್ಚೂ ಜಾಸ್ತಿ. ಲೈಟು, ಫ್ಯಾನು, ಫ್ರಿಜ್ಜು, ಲ್ಯಾಪ್‌ಟಾಪು ಅಂತ ಮನೆಗೆ ಮಾತ್ರ ಬಳಸುವವರಿಗೆ ನಾನು ಇನ್ವರ್ಟರ್ ಮಾದರಿಯನ್ನೇ ಹೇಳುತ್ತೇನೆ. ಪಂಪು, ವೆಲ್ಡಿಂಗು, ಡ್ರಿಲ್ಲು ಅಂತ ಒರಟು ಕೆಲಸ ಇದ್ದರೆ ಸಾದಾ ಸೆಟ್ಟೇ ವಾಸಿ.

ಬಾಲ್ಕನಿಯಲ್ಲೋ ಗ್ಯಾರೇಜಿನಲ್ಲೋ ಇಟ್ಟು ಓಡಿಸಬಹುದಾ? ಕಿಟಕಿ ತೆಗೆದಿರುತ್ತೇವೆ.

ಇಲ್ಲ. ಬಾಗಿಲು ತೆಗೆದಿದ್ದರೂ ಇಲ್ಲ, ಫ್ಯಾನ್ ಹಾಕಿದ್ದರೂ ಇಲ್ಲ, ಐದೇ ನಿಮಿಷ ಅಂದರೂ ಇಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವ ತಾಳ್ಮೆ ಇದ್ದರೆ ಇದನ್ನು ಓದಿ.

ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಹೊಗೆಯ ವಾಸನೆ ಬರುತ್ತಿಲ್ಲ ಅಂದ ಮಾತ್ರಕ್ಕೆ ಅದು ಇಲ್ಲ ಅಂತಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಈ ಅನಿಲ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಂದರೆ ಉಸಿರಾಟ ನಡೆಯುತ್ತಲೇ ಇರುತ್ತದೆ, ಆದರೆ ಮೈಗೆ ಆಕ್ಸಿಜನ್ ತಲುಪುವುದಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಹೊಟ್ಟೆ ತೊಳೆಸುವುದು, ಕೈಕಾಲು ಸೋಲುವುದು. ಜನ ಜ್ವರವೋ ಪಿತ್ತವೋ ಅಂದುಕೊಂಡು ಮಲಗಿಬಿಡುತ್ತಾರೆ. ಮಲಗಿದವರು ಏಳುವುದಿಲ್ಲ.

ಮನೆಯಿಂದ ಕನಿಷ್ಠ 6 ಮೀಟರ್ ದೂರ, ಬಯಲಲ್ಲಿ ಇಡಿ. ಸೈಲೆನ್ಸರ್ ಬಾಯಿ ಮನೆ ಕಡೆಗಿರಬಾರದು, ಪಕ್ಕದ ಮನೆಯ ಕಿಟಕಿ ಕಡೆಗೂ ಇರಬಾರದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ಜನರೇಟರ್ ಇರುವ ಬದಿಯ ಕಿಟಕಿ ಬಾಗಿಲು ಮುಚ್ಚಿ. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯಲ್ಲಿ ಕೆಲಸ ಮಾಡುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಹಾಕಿಸಿ. ಇತ್ತೀಚಿನ ಕೆಲವು ಸೆಟ್‌ಗಳಲ್ಲಿ ಅನಿಲ ಹೆಚ್ಚಾದರೆ ತಾನೇ ಆಫ್ ಆಗುವ ಸೆನ್ಸರ್ ಇರುತ್ತದೆ, ಒಳ್ಳೆಯದೇ, ಆದರೆ ಅದು ನೋಡುವುದು ಜನರೇಟರ್ ಪಕ್ಕದ ಗಾಳಿಯನ್ನು, ನಿಮ್ಮ ಕೋಣೆಯ ಗಾಳಿಯನ್ನಲ್ಲ.

ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು ಬಂತು ಅಂದರೆ ಯೋಚನೆ ಮಾಡುತ್ತಾ ಕೂರಬೇಡಿ. ಎಲ್ಲರೂ ಹೊರಗೆ ಬನ್ನಿ, ಆಂಬುಲೆನ್ಸ್ ಕರೆಸಿ. ಜನರೇಟರ್ ಒಳಗೆಲ್ಲೋ ಇದ್ದರೆ ಅದನ್ನು ಆಫ್ ಮಾಡಲು ಅಂತ ಯಾರೂ ವಾಪಸ್ ಹೋಗಬಾರದು.

ಮಳೆ ಬಂದರೆ?

ನೀರು ಮತ್ತು ಕರೆಂಟ್, ಗೊತ್ತೇ ಇದೆಯಲ್ಲ. ನಾಲ್ಕೂ ಕಡೆ ತೆರೆದಿರುವ, ಮೇಲೆ ಮಾತ್ರ ತಗಡು ಇರುವ ಮಾಡಿನ ಕೆಳಗೆ, ನೆಲದಿಂದ ಸ್ವಲ್ಪ ಎತ್ತರಿಸಿದ ಕಟ್ಟೆ ಮೇಲೆ ಇಡಬಹುದು. ಓಡುತ್ತಿರುವಾಗ ಟಾರ್ಪಾಲ್ ಹೊದಿಸುವುದು ಬೇಡ, ಬಿಸಿಗೆ ಕರಗಿ ಹೊತ್ತಿಕೊಳ್ಳುತ್ತದೆ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ. ಇಂಥ ಮಾಡು ಇಲ್ಲದಿದ್ದರೆ ಮಳೆ ನಿಲ್ಲುವವರೆಗೆ ಕತ್ತಲಲ್ಲೇ ಇರುವುದು ವಾಸಿ.

ಜನರೇಟರ್ ವೈರನ್ನು ಸೀದಾ ಗೋಡೆಯ ಸಾಕೆಟ್‌ಗೆ ಹಾಕಿದರೆ ಇಡೀ ಮನೆಗೆ ಕರೆಂಟ್ ಬರುತ್ತದಂತೆ?

ಬರುತ್ತದೆ. ಮನೆಗಷ್ಟೇ ಅಲ್ಲ, ಬೀದಿಗೂ ಹೋಗುತ್ತದೆ.

ಎರಡೂ ತುದಿಯಲ್ಲಿ ಗಂಡು ಪ್ಲಗ್ ಇರುವ ವೈರ್ ಮಾಡಿಕೊಂಡು, ಮೇನ್ ಆಫ್ ಮಾಡಿದರೆ ಸಾಕು ಅನ್ನುವವರು ಎಲ್ಲ ಕಡೆ ಇದ್ದಾರೆ. ಮೇನ್ ಆಫ್ ಮಾಡುವುದನ್ನು ಒಂದು ದಿನ ಮರೆತರೆ ನಿಮ್ಮ ಕರೆಂಟ್ ಸರ್ವಿಸ್ ವೈರ್ ಹಿಡಿದು ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಯಾವ ಕಡೆಯಿಂದ ಕರೆಂಟ್ ಬಂತು ಅನ್ನುವುದು ಲೆಕ್ಕಕ್ಕಿಲ್ಲ. ಕೆಳಗಿಳಿಸುವುದು ಹೇಗೆ ಗೊತ್ತೋ ಮೇಲೇರಿಸುವುದೂ ಹಾಗೇ ಗೊತ್ತು, 230 ವೋಲ್ಟ್ ಆ ಕಡೆ ಸಾವಿರಗಟ್ಟಲೆ ವೋಲ್ಟ್ ಆಗುತ್ತದೆ. ಲೈನ್ ಸತ್ತಿದೆ ಅಂದುಕೊಂಡು ಕಂಬ ಹತ್ತಿದ ಲೈನ್‌ಮನ್ ಅದನ್ನು ಮುಟ್ಟುತ್ತಾನೆ. ಅಷ್ಟೇ ಅಲ್ಲ, ಆ ವೈರಿನ ಒಂದು ತುದಿ ಕಳಚಿದರೆ ಹೊರಗೆ ಚಾಚಿರುವ ಪಿನ್‌ಗಳಲ್ಲೇ ಜೀವಂತ ಕರೆಂಟ್ ಇರುತ್ತದೆ, ಅದು ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ನೇತಾಡುತ್ತಿರುತ್ತದೆ. ಮಧ್ಯದಲ್ಲಿ ಮೇನ್ ಕರೆಂಟ್ ವಾಪಸ್ ಬಂದರೆ ಎರಡೂ ಎದುರುಬದುರು ಬಿದ್ದು ನಿಮ್ಮ ಜನರೇಟರ್ ವೈಂಡಿಂಗ್ ಹೋಗುತ್ತದೆ.

ಸರಿಯಾದ ದಾರಿ ಎರಡು. ಒಂದು, ಎಕ್ಸ್‌ಟೆನ್ಷನ್ ವೈರ್ ಎಳೆದು ಫ್ರಿಜ್, ಟಿವಿ ಇತ್ಯಾದಿಗಳನ್ನು ನೇರವಾಗಿ ಅದಕ್ಕೆ ಹಾಕುವುದು. ಇನ್ನೊಂದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಚೇಂಜೋವರ್ ಸ್ವಿಚ್ ಹಾಕಿಸುವುದು. ಅದರ ಹಿಡಿ ಒಂದೋ ಮೇನ್ ಕಡೆ ಇರುತ್ತದೆ ಇಲ್ಲವೇ ಜನರೇಟರ್ ಕಡೆ, ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಮರೆವಿಗೆ ಅಲ್ಲಿ ಜಾಗ ಇಲ್ಲ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್ ಸ್ವಿಚ್ ಇರಲಿ ಅಂತ ಕೇಳಿ.

ಅರ್ಥಿಂಗ್ ಮಾಡಬೇಕಾ? ಟೆಸ್ಟರ್ ಹಚ್ಚಿದರೆ ಎರಡೂ ತೂತಿನಲ್ಲಿ ಮಿಣುಕು ಬೆಳಕು ಬರುತ್ತದೆ, ಯಾಕೆ?

ಬಹಳಷ್ಟು ಚಿಕ್ಕ ಸೆಟ್‌ಗಳಲ್ಲಿ ನ್ಯೂಟ್ರಲ್ ಅನ್ನು ಬಾಡಿಗಾಗಲಿ ಭೂಮಿಗಾಗಲಿ ಸೇರಿಸಿರುವುದಿಲ್ಲ. ಹಾಗಾಗಿ ಟೆಸ್ಟರ್ ಎರಡರಲ್ಲೂ ಮಿನುಗಬಹುದು, ಅದು ಕೆಟ್ಟಿದೆ ಅಂತ ಅರ್ಥವಲ್ಲ. ಆದರೆ ಅಂಥ ಸೆಟ್ಟನ್ನು ಮನೆ ವೈರಿಂಗ್‌ಗೆ ಜೋಡಿಸಿದಾಗ ನಿಮ್ಮ ಬೋರ್ಡಿನಲ್ಲಿರುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಶಾಕ್ ಹೊಡೆದರೂ ಟ್ರಿಪ್ ಆಗದೆ ಇರಬಹುದು, ಯಾಕೆಂದರೆ ಭೂಮಿ ಮೂಲಕ ಕರೆಂಟ್ ವಾಪಸ್ ಹೋಗಲು ದಾರಿಯೇ ಇರುವುದಿಲ್ಲ. ನ್ಯೂಟ್ರಲನ್ನು ಎಲ್ಲಿ ಸೇರಿಸಬೇಕು, ಅರ್ಥ್ ರಾಡ್ ಬೇಕಾ ಅನ್ನುವುದನ್ನು ಸೆಟ್‌ನ ಪುಸ್ತಕ ನೋಡಿ ಎಲೆಕ್ಟ್ರಿಷಿಯನ್ ತೀರ್ಮಾನಿಸಬೇಕು. ವಿಡಿಯೋ ನೋಡಿ ಮಾಡುವ ಕೆಲಸ ಅಲ್ಲ.

ಯಾವ ವೈರ್ ಬಳಸಬೇಕು?

ಮೂರು ಕೋರ್ ಇರುವ, ಹೊರಾಂಗಣಕ್ಕೆ ಅಂತಲೇ ಮಾಡಿದ ರಬ್ಬರ್ ಹೊದಿಕೆಯ ವೈರ್. 230 ವೋಲ್ಟಿನಲ್ಲಿ 2,000 ವ್ಯಾಟ್ ಅಂದರೆ ಸುಮಾರು 8.7 ಆಂಪ್. ಕಡಿಮೆ ದೂರಕ್ಕೆ 1.5 ಚದರ ಮಿಲಿಮೀಟರ್ ನಡೆಯುತ್ತದೆ, ದೂರ ಹೆಚ್ಚಿದ್ದರೆ ಅಥವಾ ಮೋಟರ್ ಇದ್ದರೆ 2.5 ಹಾಕಿ. ಡ್ರಮ್ಮಿಗೆ ಸುತ್ತಿದ ವೈರ್ ಆದರೆ ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟಂತೆಯೇ ಓಡಿಸಿದರೆ ಒಳಗಿನ ಸುತ್ತುಗಳ ಬಿಸಿ ಹೊರಗೆ ಹೋಗದೆ ಹೊದಿಕೆ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಸ್ಟಾರ್ಟ್ ಮಾಡುವ ಸರಿಯಾದ ಕ್ರಮ ಏನು? ಹಗ್ಗ ಎಳೆದು ಎಳೆದು ಭುಜ ನೋಯುತ್ತದೆ.

ಮೊದಲು ಎಲ್ಲ ಲೋಡ್ ತೆಗೆಯಿರಿ. ಆಯಿಲ್ ನೋಡಿ, ಪೆಟ್ರೋಲ್ ನೋಡಿ. ಫ್ಯೂಯಲ್ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ತೆರೆಯಿರಿ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ತಿರುಪು ಇದ್ದರೆ ಅದನ್ನೂ ತೆರೆಯಿರಿ, ಜನ ಮರೆಯುವುದು ಇದನ್ನೇ. ಸ್ವಿಚ್ ಆನ್. ಇಂಜಿನ್ ತಣ್ಣಗಿದ್ದರೆ ಚೋಕ್ (ಇಂಜಿನ್‌ಗೆ ಹೋಗುವ ಗಾಳಿ ಕಡಿಮೆ ಮಾಡುವ ಗುಂಡಿ) ಎಳೆಯಿರಿ.

ಇನ್ನು ಹಗ್ಗ. ಒಂದೇ ಸಲಕ್ಕೆ ಜಗ್ಗಬೇಡಿ. ಒಂದು ಕೈ ಸೆಟ್ ಮೇಲೆ ಊರಿ, ಇನ್ನೊಂದರಲ್ಲಿ ಹಿಡಿಯನ್ನು ಮೆಲ್ಲಗೆ ಎಳೆಯುತ್ತಾ ಬನ್ನಿ. ಒಂದು ಕಡೆ ಅದು ತಡೆದಂತೆ ಗಟ್ಟಿಯಾಗುತ್ತದೆ, ಪಿಸ್ಟನ್ ಗಾಳಿಯನ್ನು ಒತ್ತಲು ಶುರುಮಾಡಿದ ಜಾಗ ಅದು. ಅಲ್ಲಿಂದ ಚುರುಕಾಗಿ, ನೇರವಾಗಿ, ಪೂರ್ತಿ ಉದ್ದಕ್ಕೆ ಎಳೆಯಿರಿ. ಹಿಡಿಯನ್ನು ಕೈಬಿಡಬೇಡಿ, ಜೊತೆಗೇ ಹೋಗಿ ವಾಪಸ್ ಕೂರಿಸಿ, ಇಲ್ಲವಾದರೆ ಒಳಗಿನ ಸ್ಪ್ರಿಂಗ್ ಹಾಳಾಗುತ್ತದೆ. ಸುಸ್ಥಿತಿಯಲ್ಲಿರುವ ಸೆಟ್‌ಗೆ ಇಂಥ ಮೂರ್ನಾಲ್ಕು ಎಳೆತ ಸಾಕು.

ಇಂಜಿನ್ ಹಿಡಿದ ಮೇಲೆ ನಿಧಾನಕ್ಕೆ ಚೋಕ್ ಒಳಗೆ ತಳ್ಳಿ, ಎರಡು ಮೂರು ನಿಮಿಷ ಬಿಸಿಯಾಗಲು ಬಿಡಿ. ಆಮೇಲೆ ಲೋಡ್ ಹಾಕಿ, ದೊಡ್ಡ ಮೋಟರ್ ಇರುವುದನ್ನು ಮೊದಲು, ಚಿಕ್ಕವನ್ನು ನಂತರ, ಒಂದೊಂದಾಗಿ. ನಿಲ್ಲಿಸುವಾಗ ಉಲ್ಟಾ: ಲೋಡ್ ತೆಗೆದು, ಖಾಲಿ ಎರಡು ನಿಮಿಷ ಓಡಿಸಿ, ಆಮೇಲೆ ಆಫ್.

ಆರು ತಿಂಗಳ ಮೇಲೆ ತೆಗೆದರೆ ಸ್ಟಾರ್ಟೇ ಆಗುತ್ತಿಲ್ಲ. ಏನು ಮಾಡಲಿ?

ಆರು ತಿಂಗಳು ಅಂದಾಗಲೇ ಅರ್ಧ ಉತ್ತರ ಸಿಕ್ಕಿತು. ಪೆಟ್ರೋಲ್ ಹಳಸುತ್ತದೆ. ಅದರಲ್ಲಿನ ಹಗುರ ಅಂಶಗಳು ಆವಿಯಾಗಿ ಹೋಗುತ್ತವೆ, ಉಳಿದದ್ದು ಅಂಟಾಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಒಳಗೆ ಕೂರುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಆದರೆ ಇನ್ನೊಂದು ತಲೆನೋವು. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ತೇವ ಒಂದು ಮಟ್ಟ ಮೀರಿದರೆ ನೀರು ಮತ್ತು ಎಥನಾಲ್ ಸೇರಿ ತಳಕ್ಕೆ ಇಳಿಯುತ್ತವೆ, ಇಂಜಿನ್‌ಗೆ ಪೆಟ್ರೋಲ್ ಹೋಗುವ ದಾರಿಯೂ ತಳದಲ್ಲೇ ಇರುತ್ತದೆ.

ಮೊದಲು ಆಯಿಲ್ ಮಟ್ಟ ನೋಡಿ. ಬಹುತೇಕ ಸೆಟ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಸ್ಪಾರ್ಕ್ ಕತ್ತರಿಸುವ ಸೆನ್ಸರ್ ಇರುತ್ತದೆ. ಆಯಿಲ್ ಸಾಕಷ್ಟಿದ್ದರೂ ಸೆಟ್ ಓರೆಯಾಗಿ ನಿಂತಿದ್ದರೆ ಸೆನ್ಸರ್ ಮೋಸಹೋಗುತ್ತದೆ, ಸಮತಟ್ಟಾದ ನೆಲಕ್ಕೆ ತಂದರೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್‌ಗೆ ಕೊಟ್ಟ ದುಡ್ಡಿನಲ್ಲಿ ಇಂಥ ಓರೆ ನೆಲಕ್ಕೆ ಹೋದದ್ದೂ ಕಡಿಮೆಯಿಲ್ಲ.

ಆಯಿಲ್ ಸರಿಯಿದ್ದರೆ ಸ್ಪಾರ್ಕ್ ಪ್ಲಗ್ (ಇಂಜಿನ್ ಒಳಗೆ ಕಿಡಿ ಹಾರಿಸುವ ಭಾಗ) ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಹಾರುತ್ತಿಲ್ಲ ಅಥವಾ ನೀವು ಚೋಕ್ ಎಳೆದೇ ಎಳೆದು ಮುಳುಗಿಸಿದ್ದೀರಿ. ಮುಳುಗಿದ್ದರೆ ಪ್ಲಗ್ ಒರೆಸಿ ಒಣಗಿಸಿ, ಸ್ವಿಚ್ ಆಫ್ ಇಟ್ಟು ಹಗ್ಗವನ್ನು ಕೆಲವು ಸಲ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಪ್ಲಗ್ ಹಾಕಿ ಚೋಕ್ ಇಲ್ಲದೆ ಪ್ರಯತ್ನಿಸಿ.

ಪೆಟ್ರೋಲ್ ಬರುತ್ತಿಲ್ಲ ಅಂದರೆ ಕಾರ್ಬುರೇಟರ್ ಕೆಳಗಿನ ಬಟ್ಟಲಿನಲ್ಲಿ ಡ್ರೈನ್ ಬೋಲ್ಟ್ ಇರುತ್ತದೆ, ಅದನ್ನು ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಹಿಡಿಯಿರಿ. ಬೆಳಕಿಗೆ ಹಿಡಿದರೆ ಎಲ್ಲ ಗೊತ್ತಾಗುತ್ತದೆ. ತಳದಲ್ಲಿ ಬೇರೆಯೇ ಪದರ ನಿಂತಿದ್ದರೆ ಅದು ನೀರು. ಕಂದು ಬಣ್ಣಕ್ಕೆ ತಿರುಗಿ ವಾರ್ನಿಷ್ ವಾಸನೆ ಬಂದರೆ ಹಳಸಿದ ಪೆಟ್ರೋಲ್. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಹಳೆಯದರ ಮೇಲೆ ಹೊಸದು ಸುರಿದು ಪ್ರಯೋಜನವಿಲ್ಲ.

ಸ್ಟಾರ್ಟ್ ಆಗುತ್ತದೆ, ಆದರೆ ವೇಗ ಏರುತ್ತದೆ ಇಳಿಯುತ್ತದೆ, ಏರುತ್ತದೆ ಇಳಿಯುತ್ತದೆ.

ಮೆಕ್ಯಾನಿಕ್‌ಗಳು ಇದನ್ನು ಹಂಟಿಂಗ್ ಅನ್ನುತ್ತಾರೆ. ಚೋಕ್ ಅರ್ಧ ಎಳೆದಾಗ ಸರಿಹೋದರೆ ಅನುಮಾನವೇ ಬೇಡ, ಕಾರ್ಬುರೇಟರ್ ಒಳಗೆ ಪೆಟ್ರೋಲ್ ಬಿಡುವ ಜೆಟ್ ಕಟ್ಟಿಕೊಂಡಿದೆ. ಪೈಲಟ್ ಜೆಟ್ ಅಂದರೆ ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕ ಹಿತ್ತಾಳೆ ತುಂಡು, ಮಧ್ಯದ ತೂತು ಕೂದಲೆಳೆಯ ಗಾತ್ರದ್ದು. ಒಂದು ಚೂರು ಅಂಟು ಸಾಕು ಅದು ಮುಚ್ಚಲು. ಬಿಚ್ಚಿ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಊದಿ, ಕಣ್ಣಿಗೆ ಹತ್ತಿರ ಹಿಡಿದು ಆಕಾಶದ ಕಡೆ ನೋಡಿ. ದುಂಡಗಿನ ಬೆಳಕಿನ ಚುಕ್ಕೆ ಕಂಡರೆ ತೆರೆದಿದೆ. ಸೂಜಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾದರೆ ಜೆಟ್ಟೇ ಬದಲಾಯಿಸಬೇಕು.

ಇಂಜಿನ್ ಚೆನ್ನಾಗಿ ಓಡುತ್ತಿದೆ, ಕರೆಂಟ್ ಮಾತ್ರ ಬರುತ್ತಿಲ್ಲ.

ಸೆಟ್ ಮೇಲಿನ ಬ್ರೇಕರ್ ಬಿದ್ದಿದೆಯಾ ನೋಡಿ. ಇನ್ವರ್ಟರ್ ಮಾದರಿಯಾದರೆ ಓವರ್‌ಲೋಡ್‌ನ ಕೆಂಪು ದೀಪ ಹತ್ತಿರುತ್ತದೆ, ಲೋಡ್ ತೆಗೆದು ಇಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿ. ಸಾದಾ ಸೆಟ್‌ನಲ್ಲಿ ಬ್ರೇಕರ್ ಸರಿಯಿದ್ದೂ ಕರೆಂಟ್ ಇಲ್ಲವೆಂದರೆ ಎವಿಆರ್ (ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ), ಬ್ರಷ್ ಅಥವಾ ಕೆಪಾಸಿಟರ್ ಹೋಗಿರಬಹುದು. ತುಂಬಾ ದಿನ ನಿಂತ ಸೆಟ್‌ನಲ್ಲಿ ಇನ್ನೊಂದು ಸಾಧ್ಯತೆ ಇದೆ. ಒಳಗೆ ತಿರುಗುವ ಭಾಗವಾದ ರೋಟರ್‌ನ ಕಬ್ಬಿಣದಲ್ಲಿ ಉಳಿದಿರುವ ಚೂರು ಕಾಂತ ಶಕ್ತಿಯಿಂದಲೇ ಮೊದಲ ಕರೆಂಟ್ ಹುಟ್ಟಬೇಕು, ಅದೇ ಮಾಯವಾದರೆ ಇಂಜಿನ್ ಎಷ್ಟು ತಿರುಗಿದರೂ ಏನೂ ಬರುವುದಿಲ್ಲ. ಮೆಕ್ಯಾನಿಕ್ 12 ವೋಲ್ಟ್ ಬ್ಯಾಟರಿ ಒಂದು ಕ್ಷಣ ತಾಗಿಸಿ ಅದನ್ನು ಮರಳಿಸುತ್ತಾರೆ. ನಿಮಿಷದ ಕೆಲಸ, ಆದರೆ ಯಾವ ತುದಿಗೆ ಅಂತ ಗೊತ್ತಿರುವವರೇ ಮಾಡಬೇಕು.

ಆಯಿಲ್ ಯಾವಾಗ ಬದಲಾಯಿಸಬೇಕು?

ಹೊಸ ಸೆಟ್ಟಿಗೆ ಮೊದಲ 20 ಗಂಟೆ ಓಡಿದ ಮೇಲೆ. ಆಮೇಲೆ ಸಾಮಾನ್ಯವಾಗಿ ಪ್ರತಿ 100 ಗಂಟೆಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಅದು. ಹೊಸ ಸೆಟ್‌ಗಳು ಬಹುತೇಕ ಆಯಿಲ್ ಇಲ್ಲದೆಯೇ ಡಬ್ಬದಲ್ಲಿ ಬರುತ್ತವೆ, ಹಾಕಿ ಆಮೇಲೆ ಹಗ್ಗ ಮುಟ್ಟಿ.

100 ಗಂಟೆ ಅಂದರೆ ತುಂಬಾ ಅನ್ನಿಸಬಹುದು. ನಾಲ್ಕು ದಿನ ಹಗಲು ರಾತ್ರಿ ಓಡಿದರೆ ಮುಗಿಯಿತು. ಈ ಇಂಜಿನ್‌ಗಳಲ್ಲಿ ಇರುವುದೇ ಅರ್ಧ ಲೀಟರ್ ಆಸುಪಾಸು ಆಯಿಲ್, ಬಹಳಷ್ಟರಲ್ಲಿ ಆಯಿಲ್ ಫಿಲ್ಟರ್ ಕೂಡ ಇರುವುದಿಲ್ಲ. ಹಾಗಾಗಿ ಕೊಳೆಯೆಲ್ಲ ಅದರಲ್ಲೇ ಸುತ್ತುತ್ತಿರುತ್ತದೆ. ಪುಸ್ತಕದಲ್ಲಿ ಹೇಳಿದ ಗ್ರೇಡ್ ಹಾಕಿ, ಹೆಚ್ಚಿನವಕ್ಕೆ 10ಡಬ್ಲ್ಯೂ-30. ಇಂಜಿನ್ ಬೆಚ್ಚಗಿರುವಾಗ ಇಳಿಸಿದರೆ ಕೊಳೆ ಸಮೇತ ಪೂರ್ತಿ ಇಳಿಯುತ್ತದೆ. ಎಷ್ಟು ಗಂಟೆ ಓಡಿತು ಅಂತ ಸೆಟ್ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿ ಬರೆಯುತ್ತಾ ಹೋಗಿ, ನೆನಪಿನ ಮೇಲೆ ಬಿಟ್ಟರೆ ಆಗುವುದಿಲ್ಲ.

ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್?

ಸ್ಪಾಂಜಿನ ಫಿಲ್ಟರನ್ನು 50 ಗಂಟೆಗೊಮ್ಮೆ, ಧೂಳಿನ ಜಾಗದಲ್ಲಿ ಇನ್ನೂ ಬೇಗ, ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ನಾಲ್ಕು ಹನಿ ಹೊಸ ಇಂಜಿನ್ ಆಯಿಲ್ ಹಾಕಿ ಚೆನ್ನಾಗಿ ಹಿಂಡಿ ಕೂರಿಸಿ. ಪೇಪರ್ ಫಿಲ್ಟರ್ ಆದರೆ ತೊಳೆಯಬಾರದು. ಫಿಲ್ಟರ್ ಇಲ್ಲದೆ ಓಡಿಸಿದರೆ ಧೂಳು ಸಿಲಿಂಡರನ್ನು ಉಜ್ಜಿ ಹಾಳುಮಾಡುತ್ತದೆ.

ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ತುದಿ ತಿಳಿಕಂದು ಬಣ್ಣ ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚಾಗಿ ಇಂಜಿನ್ ಬಿಸಿಯಾಗುತ್ತಿದೆ.

ಓಡುತ್ತಿರುವಾಗಲೇ ಪೆಟ್ರೋಲ್ ಹಾಕಬಹುದಾ?

ಬೇಡವೇ ಬೇಡ. ಪೆಟ್ರೋಲ್ ಆವಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಹೋಗಿ ದೂರದ ಕಿಡಿಯನ್ನೂ ಹುಡುಕಿಕೊಳ್ಳುತ್ತದೆ. ಬಿಸಿ ಸೈಲೆನ್ಸರ್ ಮೇಲೆ ಎರಡು ಹನಿ ಬಿದ್ದರೆ ಸಾಕು. ಆಫ್ ಮಾಡಿ, ಕನಿಷ್ಠ 15 ನಿಮಿಷ ಬಿಡಿ. ಕತ್ತಲಿದ್ದರೆ ಟಾರ್ಚ್ ಹಿಡಿಯಿರಿ, ಮೇಣದಬತ್ತಿ ಅಲ್ಲ. ಕಂಠದವರೆಗೆ ತುಂಬಬೇಡಿ, ಬಿಸಿಗೆ ಹಿಗ್ಗಲು ಜಾಗ ಬೇಕು. ಕ್ಯಾನ್‌ನಲ್ಲಿ ಸಂಗ್ರಹಿಸಿಡುವುದಾದರೆ ಪೆಟ್ರೋಲಿಗೆಂದೇ ಮಾಡಿದ ಕ್ಯಾನ್ ಇರಲಿ, ಮನೆಯೊಳಗೆ ಬೇಡ, ಎಷ್ಟು ಇಡಬಹುದು ಅನ್ನುವುದಕ್ಕೆ ಕಾನೂನಿನ ಮಿತಿಯೂ ಇರುತ್ತದೆ.

ಎಷ್ಟು ಪೆಟ್ರೋಲ್ ಕುಡಿಯುತ್ತದೆ?

2 ಕೆವಿಎ ಆಸುಪಾಸಿನ ಒಳ್ಳೆಯ ಇನ್ವರ್ಟರ್ ಸೆಟ್ ಪೂರ್ತಿ ಲೋಡಿನಲ್ಲಿ ಗಂಟೆಗೆ ಒಂದು ಲೀಟರಿಗಿಂತ ತುಸು ಜಾಸ್ತಿ, ಕಾಲುಭಾಗ ಲೋಡಿನಲ್ಲಿ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ, ನಿಮ್ಮ ಕೈಗೆ ಬರುವುದು ಒಂದೂವರೆ ಯೂನಿಟ್ ಆಸುಪಾಸು. ಉಳಿದದ್ದೆಲ್ಲ ಬಿಸಿ ಗಾಳಿ. ಲೋಡ್ ಕಡಿಮೆಯಾದಷ್ಟೂ ಈ ಲೆಕ್ಕ ಇನ್ನೂ ಕೆಡುತ್ತದೆ. ಅದಕ್ಕೇ ಮೊಬೈಲ್ ಚಾರ್ಜ್ ಮಾಡಲು ಅಂತ ಜನರೇಟರ್ ಹಚ್ಚುವುದು ದಡ್ಡತನ. ಫ್ರಿಜ್ ಬಾಗಿಲು ತೆರೆಯದೆ ಇಟ್ಟರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಆದ್ದರಿಂದ ದಿನವಿಡೀ ಓಡಿಸುವ ಬದಲು, ಆಗಾಗ ಒಂದೆರಡು ಗಂಟೆ ಹಚ್ಚಿ ಫ್ರಿಜ್ಜು, ಬ್ಯಾಟರಿ, ಮೊಬೈಲು ಎಲ್ಲವನ್ನೂ ಒಟ್ಟಿಗೆ ಮುಗಿಸಿ.

ಮನೆಯ ಯುಪಿಎಸ್ ಜನರೇಟರ್ ಕರೆಂಟ್ ತಗೊಳ್ಳುತ್ತಿಲ್ಲ.

ಸಾದಾ ಸೆಟ್‌ನ ಕರೆಂಟ್ ಲೋಡ್ ಇಲ್ಲದಾಗ 52 ಹರ್ಟ್ಸ್, ಲೋಡ್ ಬಿದ್ದಾಗ 50ಕ್ಕಿಂತ ಕೆಳಗೆ ಅಂತ ಓಲಾಡುತ್ತದೆ, ವೋಲ್ಟೇಜೂ ಹಾಗೇ. ಯುಪಿಎಸ್ ಅದನ್ನು ಕೆಟ್ಟ ಕರೆಂಟ್ ಅಂತ ತಿಳಿದು ಬ್ಯಾಟರಿಗೆ ಹೋಗುತ್ತದೆ. ಎಷ್ಟೋ ಯುಪಿಎಸ್‌ಗಳ ಹಿಂದೆ ಮೋಡ್ ಬದಲಿಸುವ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡಿನಿಂದ ಸಾಮಾನ್ಯ ಮೋಡಿಗೆ ತಂದರೆ ಹೆಚ್ಚು ಏರುಪೇರನ್ನು ಒಪ್ಪಿಕೊಳ್ಳುತ್ತದೆ. ಬ್ಯಾಟರಿ ಚಾರ್ಜಿಂಗ್‌ಗೇ 200, 300 ವ್ಯಾಟ್ ಹೋಗುತ್ತದೆ ಅನ್ನುವುದು ಲೆಕ್ಕದಲ್ಲಿರಲಿ.

ಟಿವಿ, ಕಂಪ್ಯೂಟರ್‌ಗೆ ತೊಂದರೆ ಆಗುತ್ತದಾ?

ಇನ್ವರ್ಟರ್ ಮಾದರಿಯಲ್ಲಿ ಇಲ್ಲ. ಸಾದಾ ಸೆಟ್‌ನಲ್ಲಿ ಎವಿಆರ್ ಸರಿಯಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಅಪಾಯ ಇರುವುದು ಪೆಟ್ರೋಲ್ ಮುಗಿದು ಇಂಜಿನ್ ತಡವರಿಸುತ್ತಾ ನಿಲ್ಲುವ ಹೊತ್ತಿನಲ್ಲಿ, ಆಗ ವೋಲ್ಟೇಜ್ ಹಿಡಿತ ತಪ್ಪುತ್ತದೆ. ಟ್ಯಾಂಕ್ ಖಾಲಿಯಾಗುವ ಮೊದಲೇ ಟಿವಿ, ಕಂಪ್ಯೂಟರ್‌ಗಳ ಪ್ಲಗ್ ಕೀಳಿ.

ಸದ್ದು ತಡೆಯಲು ಪೆಟ್ಟಿಗೆ ಮಾಡಿ ಒಳಗಿಡಬಹುದಾ?

ಈ ಇಂಜಿನ್‌ಗಳು ತಣ್ಣಗಾಗುವುದು ಗಾಳಿಯಿಂದ. ಮುಚ್ಚಿದರೆ ಬಿಸಿಯಾಗಿ ಕೆಡುತ್ತದೆ, ಪೆಟ್ರೋಲ್ ಆವಿ ಒಳಗೇ ನಿಲ್ಲುತ್ತದೆ. ರಬ್ಬರ್ ಮ್ಯಾಟ್ ಮೇಲಿಟ್ಟರೆ ನೆಲದ ಅದುರುವಿಕೆ ಕಡಿಮೆಯಾಗುತ್ತದೆ. ಸದ್ದು ಬರುವ ದಿಕ್ಕಿಗೆ, ಒಂದು ಮೀಟರ್‌ಗಿಂತ ದೂರದಲ್ಲಿ ತಡೆ ಗೋಡೆಯಂತೆ ಏನಾದರೂ ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಇನ್ವರ್ಟರ್ ಮಾದರಿಗೆ ಹೋಗಿ.

ಬಳಸದೆ ತಿಂಗಳುಗಟ್ಟಲೆ ಇಡಬೇಕು. ಏನು ಮಾಡಿ ಇಡಲಿ?

ಎರಡರಲ್ಲಿ ಒಂದು ಆರಿಸಿಕೊಳ್ಳಿ, ಅರ್ಧಂಬರ್ಧ ಬೇಡ. ಒಂದೋ ತಿಂಗಳಿಗೊಮ್ಮೆ ತಪ್ಪದೆ ಸ್ಟಾರ್ಟ್ ಮಾಡಿ, ಅರ್ಧದಷ್ಟು ಲೋಡ್ ಹಾಕಿ, 15 ನಿಮಿಷ ಓಡಿಸಿ. ಸುಮ್ನೆ ಖಾಲಿ ಓಡಿಸಿದರೆ ಇಂಜಿನ್ ಓಡುತ್ತದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ, ಕರೆಂಟ್ ಬರುತ್ತದಾ ಅನ್ನುವುದು ಗೊತ್ತಾಗುವುದಿಲ್ಲ. ಇಲ್ಲವೇ ಟ್ಯಾಂಕ್ ಖಾಲಿ ಮಾಡಿ, ಫ್ಯೂಯಲ್ ಕಾಕ್ ಮುಚ್ಚಿ, ಕಾರ್ಬುರೇಟರ್‌ನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಲೋಡಿಲ್ಲದೆ ಓಡಿಸಿ, ಕೊನೆಗೆ ಬಟ್ಟಲಿನ ಡ್ರೈನ್ ಬೋಲ್ಟ್ ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ. ಆಮೇಲೆ ಪ್ಲಗ್ ತೆಗೆದು ಒಂದು ಚಮಚ ಆಯಿಲ್ ಸಿಲಿಂಡರ್‌ಗೆ ಹಾಕಿ, ಹಗ್ಗ ಮೆಲ್ಲಗೆ ಎಳೆದು ಹರಡಿಸಿ, ಪ್ಲಗ್ ಹಾಕಿ, ಹಗ್ಗವನ್ನು ಗಟ್ಟಿಯಾಗುವ ಜಾಗದವರೆಗೆ ತಂದು ಬಿಡಿ. ಅಲ್ಲಿ ಎರಡೂ ವಾಲ್ವ್ ಮುಚ್ಚಿರುವುದರಿಂದ ತೇವ ಒಳಗೆ ಹೋಗುವುದಿಲ್ಲ. ಸೆಲ್ಫ್ ಸ್ಟಾರ್ಟ್ ಇದ್ದರೆ ಬ್ಯಾಟರಿಯ ವೈರ್ ಕಳಚಿಟ್ಟು ಆಗಾಗ ಚಾರ್ಜ್ ಮಾಡಿ. ಇಲಿ ಬಾರದ ಜಾಗ ಇರಲಿ, ವೈರ್ ಕಡಿಯುವುದರಲ್ಲಿ ಅವಕ್ಕೆ ವಿಶೇಷ ಪ್ರೀತಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ತಗೊಳ್ಳಬಹುದು, ನೋಡಿ ತಗೊಳ್ಳಿ. ಹೋದ ತಕ್ಷಣ ಇಂಜಿನ್ ಹತ್ತಿರ ಕೈ ಒಡ್ಡಿ. ಬಿಸಿ ತಾಗಿದರೆ ನೀವು ಬರುವ ಮೊದಲೇ ಅವರು ಕಷ್ಟಪಟ್ಟು ಸ್ಟಾರ್ಟ್ ಮಾಡಿ ಇಟ್ಟಿರಬಹುದು, ತಣ್ಣಗಾದ ಮೇಲೆ ಬರುತ್ತೇನೆ ಅನ್ನಿ. ಆಯಿಲ್ ಕಡ್ಡಿ ಎತ್ತಿ ನೋಡಿ, ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆಯಾದರೆ ಕಾರ್ಬುರೇಟರ್ ಕೆಲಸ, ಅದು ಚಿಕ್ಕದು. ಹೋಗುವಾಗ ಒಂದು ಮಲ್ಟಿಮೀಟರ್ ಮತ್ತು ಸೆಟ್‌ನ ಸಾಮರ್ಥ್ಯದ ಅರ್ಧದಷ್ಟಾದರೂ ಎಳೆಯುವ ಇಸ್ತ್ರಿ ಪೆಟ್ಟಿಗೆಯೋ ವಾಟರ್ ಹೀಟರೋ ಒಯ್ಯಿರಿ. ಹತ್ತು ನಿಮಿಷ ಅದನ್ನು ಹಾಕಿ ಓಡಿಸಿ ವೋಲ್ಟೇಜ್ ನೋಡಿ. ಇಷ್ಟಕ್ಕೆ ಮಾರುವವರು ಒಪ್ಪದಿದ್ದರೆ ಬೇರೆ ಸೆಟ್ ಹುಡುಕಿ.